ನೆಲಮಾಳಿಗೆಯಲ್ಲಿ ಬದುಕುವ ಮುನ್ನ

ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಮನೆ ಕಟ್ಟುವವರು ಪಾಯವನ್ನು ದಕ್ಷಿಣ ಭಾಗದಲ್ಲಾದರೆ 42 ಅಂಗುಲ, ಉತ್ತರ ಭಾಗದಲ್ಲಾದರೆ 60 ಅಂಗುಲ ಆಳಕ್ಕೆ ಇಳಿಸಬೇಕೆಂದು ಅಲ್ಲಿನ ಕಟ್ಟಡ ನಿಯಮ ಹೇಳುತ್ತದೆ. ಚಳಿಗಾಲ ಬಂತೆಂದರೆ ಅಲ್ಲಿ ಹೊಳೆ ಕೆರೆಗಳ ಜೊತೆಗೆ ಮಣ್ಣೂ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಮಣ್ಣು ಉಬ್ಬುತ್ತದೆ, ಉಬ್ಬಿದ ಮಣ್ಣು ತನ್ನ ಮೇಲಿರುವ ಗೋಡೆಯನ್ನು ಎತ್ತುತ್ತದೆ. ವಸಂತದಲ್ಲಿ ಕರಗಿದಾಗ ಗೋಡೆ ಮತ್ತೆ ಕುಸಿಯುತ್ತದೆ, ಅದೂ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. ಹೀಗೆ ನಾಲ್ಕು ಚಳಿಗಾಲ ಕಳೆದರೆ ಮನೆ ಬಿರುಕು ಬಿಡುತ್ತದೆ.

ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಮಣ್ಣು ಉಬ್ಬುವುದಕ್ಕೆ ಅದೇ ಕಾರಣ ಎಂದು ಎಂಜಿನಿಯರುಗಳು ಬಹುಕಾಲ ತಿಳಿದಿದ್ದರು. ದಕ್ಷಿಣ ಕ್ಯಾರೊಲಿನಾದ ಭೂವಿಜ್ಞಾನಿ ಸ್ಟೀಫನ್ ಟೇಬರ್ 1929-30ರ ಹೊತ್ತಿಗೆ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ನೀರಿನ ಬದಲು ಬೆಂಜೀನನ್ನು ಮಣ್ಣಿಗೆ ತುಂಬಿ ತಂಪುಗೊಳಿಸಿದರು. ಬೆಂಜೀನ್ ಹೆಪ್ಪುಗಟ್ಟುವಾಗ ಹಿಗ್ಗುವುದಿಲ್ಲ, ಕುಗ್ಗುತ್ತದೆ. ಆದರೂ ಮಣ್ಣು ಉಬ್ಬಿತು! ಹೆಪ್ಪುಗಟ್ಟುತ್ತಿರುವ ಪದರವು ಕೆಳಗಿನ ತೇವದ ಮಣ್ಣಿನಿಂದ ದ್ರವವನ್ನು ತನ್ನತ್ತ ಸೆಳೆದುಕೊಳ್ಳುತ್ತದೆ, ಸೆಳೆದದ್ದನ್ನು ಪದರದ ಮೇಲೆ ಪದರವಾಗಿ ಗಡ್ಡೆ ಕಟ್ಟಿಸುತ್ತದೆ, ಆ ಪದರಗಳೇ ಮಣ್ಣನ್ನು ಎತ್ತುತ್ತವೆ ಎಂಬುದು ಆಗ ಸ್ಪಷ್ಟವಾಯಿತು. ಮಣ್ಣಿನಲ್ಲಿ ನೀರು ಸುಮ್ಮನೆ ಕೂತಿರುವುದಿಲ್ಲ, ಸದಾ ಎತ್ತಲೋ ಸಾಗುತ್ತಿರುತ್ತದೆ. ಈ ಅಧ್ಯಾಯದುದ್ದಕ್ಕೂ ಈ ಸಂಗತಿಯೊಂದು ನೆನಪಿರಲಿ.

ಪಾಯಕ್ಕೆಂದು ಹೇಗೂ ನಾಲ್ಕೈದು ಅಡಿ ಅಗೆಯಬೇಕು. ಇನ್ನೂ ಮೂರು ಅಡಿ ಅಗೆದರೆ ಒಂದು ಇಡೀ ಅಂತಸ್ತೇ ಸಿಗುತ್ತದೆ. ಉತ್ತರ ಅಮೆರಿಕದ ಚಳಿ ಸೀಮೆಯಲ್ಲಿ ನೆಲಮಾಳಿಗೆ ಮನೆಮನೆಗೂ ಬಂದದ್ದು ಈ ಲೆಕ್ಕದಿಂದ. ಕಲ್ಲಿದ್ದಲ ಒಲೆ ಇನ್ನೊಂದು ಕಾರಣ. ಬಿಸಿಗಾಳಿ ತಾನಾಗಿ ಮೇಲೇರುತ್ತದೆ, ಹಾಗಾಗಿ ಮನೆ ಕಾಯಿಸುವ ಫರ್ನೇಸು ಎಲ್ಲಕ್ಕಿಂತ ಕೆಳಗಿರಬೇಕಿತ್ತು; ಅದರ ಪಕ್ಕದಲ್ಲೇ ಕಲ್ಲಿದ್ದಲ ರಾಶಿ. ಮುಂದೆ ಎಣ್ಣೆಯೂ ಅನಿಲವೂ ಬಂದಾಗ ಕಲ್ಲಿದ್ದಲಿನ ಜಾಗ ಖಾಲಿಯಾಯಿತು. ಎರಡನೇ ಮಹಾಯುದ್ಧದ ನಂತರದ ಬಡಾವಣೆಗಳಲ್ಲಿ ಜನ ಆ ಖಾಲಿ ಜಾಗಕ್ಕೆ ಹಲಗೆ ಹೊಡೆದು, ಕಾರ್ಪೆಟ್ ಹಾಸಿ, ಮಕ್ಕಳಿಗೆ ಆಟದ ಕೋಣೆ ಮಾಡಿಕೊಟ್ಟರು. ಇಂದು ಶಿಕಾಗೊ, ನ್ಯೂಜೆರ್ಸಿ, ಟೊರಾಂಟೊಗಳ ಕನ್ನಡ ಮನೆಗಳಲ್ಲೂ ಊರಿನಿಂದ ಬಂದ ಅಪ್ಪ ಅಮ್ಮನಿಗೆ ಮಲಗಲು, ಹಬ್ಬಕ್ಕೆ ನಾಲ್ಕು ಮಂದಿ ಸೇರಲು, ಮಕ್ಕಳ ಸಂಗೀತ ಪಾಠಕ್ಕೆ ಇದೇ ಬೇಸ್‌ಮೆಂಟು. ಗೋಡೆಯೂ ಸೂರೂ ಮೊದಲೇ ಇರುವುದರಿಂದ ಮನೆಗೆ ಕೋಣೆ ಸೇರಿಸುವ ಅಗ್ಗದ ದಾರಿ ಇದು.

ಅಗ್ಗ ನಿಜ. ಆದರೆ ಆ ಗೋಡೆಗಳನ್ನು ಕಟ್ಟಿದ್ದು ಮಣ್ಣನ್ನು ತಡೆದು ನಿಲ್ಲಿಸಲು, ಮನುಷ್ಯರು ಒರಗಿ ಕೂರಲೆಂದಲ್ಲ. ಮೇಲಿನ ಕೋಣೆಯ ಸುತ್ತ ಗಾಳಿಯಿದೆ, ಬಿಸಿಲಿದೆ. ಇವತ್ತು ನೆನೆದದ್ದು ನಾಳೆ ಒಣಗುತ್ತದೆ. ಕೆಳಗಿನ ಕೋಣೆಯ ಸುತ್ತ ಎಂದೂ ಪೂರ್ತಿ ಒಣಗದ ಮಣ್ಣಿದೆ. ಇದನ್ನು ಮರೆತು, ಮೇಲಿನ ಕೋಣೆಗೆ ಮಾಡುವ ಕೆಲಸವನ್ನೇ ಕೆಳಗೂ ಮಾಡುವುದರಿಂದ ನೆಲಮಾಳಿಗೆಗಳು ಹಾಳಾಗುತ್ತವೆ.

ಮೊದಲು ತಾಪಮಾನದ ವಿಚಾರ. ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೇ 1822ರಲ್ಲಿ ಪ್ರಕಟಿಸಿದ ಶಾಖದ ಸಿದ್ಧಾಂತದಲ್ಲಿ ಭೂಮಿಯ ಮೇಲ್ಮೈಯ ಬಿಸಿ ತಂಪುಗಳು ಒಳಕ್ಕೆ ಅಲೆಗಳಂತೆ ಇಳಿಯುವುದನ್ನು ಲೆಕ್ಕ ಹಾಕಿ ತೋರಿಸಿದ. ಹಗಲು ರಾತ್ರಿಯ ಅಲೆ ಮೊಳದುದ್ದ ಇಳಿಯುವಷ್ಟರಲ್ಲಿ ಅಡಗಿಹೋಗುತ್ತದೆ. ಬೇಸಿಗೆ ಚಳಿಗಾಲಗಳ ಅಲೆ ಅದಕ್ಕಿಂತ ಸುಮಾರು 19 ಪಟ್ಟು ಆಳಕ್ಕೆ ಹೋಗುತ್ತದೆ, ಏಕೆಂದರೆ 365ರ ವರ್ಗಮೂಲ ಸರಿಸುಮಾರು 19. ಇಳಿಯುತ್ತಾ ಇಳಿಯುತ್ತಾ ಅದು ಕ್ಷೀಣಿಸುತ್ತದೆ, ತಡವೂ ಆಗುತ್ತದೆ. ಪ್ಯಾರಿಸಿನ ವೀಕ್ಷಣಾಲಯದ ಕೆಳಗೆ ಸುಮಾರು 28 ಮೀಟರ್ ಆಳದಲ್ಲಿರುವ ನೆಲಮಾಳಿಗೆಯಲ್ಲಿ ವರ್ಷವಿಡೀ ಹೆಚ್ಚುಕಡಿಮೆ ಒಂದೇ ತಾಪಮಾನ ಇರುವುದನ್ನು 17ನೇ ಶತಮಾನದಿಂದಲೇ ಗಮನಿಸಿದ್ದರು. ರಸಾಯನವಿಜ್ಞಾನಿ ಲವಾಸಿಯೇ ಅಲ್ಲಿಗೆಂದೇ ಒಂದು ಸೂಕ್ಷ್ಮ ಉಷ್ಣಮಾಪಕ ಮಾಡಿಸಿಟ್ಟಿದ್ದ.

ಮನೆಯ ನೆಲಮಾಳಿಗೆ ಅಷ್ಟು ಆಳದ್ದಲ್ಲ, ಎರಡು ಎರಡೂವರೆ ಮೀಟರು. ಆ ಆಳದಲ್ಲಿ ಋತುಗಳ ಏರಿಳಿತ ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ, ಸುಮಾರು ಎರಡು ತಿಂಗಳು ಹಿಂದೆ ಬಿದ್ದಿರುತ್ತದೆ. ಅಂದರೆ ಹೊರಗೆ ಜೂನ್ ತಿಂಗಳ ಸೆಕೆ ಇರುವಾಗ ಗೋಡೆಯ ಬುಡದ ಮಣ್ಣಿಗೆ ಇನ್ನೂ ಏಪ್ರಿಲ್. ಬೇಸಿಗೆಯಲ್ಲಿ ಬೇಸ್‌ಮೆಂಟಿಗೆ ಇಳಿದವರಿಗೆ ಹಾಯೆನಿಸುವುದು ಇದರಿಂದಲೇ. ತೊಂದರೆ ಶುರುವಾಗುವುದೂ ಇದರಿಂದಲೇ.

ಸಣ್ಣದೊಂದು ಲೆಕ್ಕ ಮಾಡೋಣ. ಹೊರಗೆ 28 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇ. 70. ಶಿಕಾಗೊದ ಜುಲೈಯಲ್ಲಿ ಇದು ಸಾಮಾನ್ಯ. ಆ ಗಾಳಿಯ ಪ್ರತಿ ಘನಮೀಟರಿನಲ್ಲಿ ಸುಮಾರು 19 ಗ್ರಾಂ ನೀರಿನ ಆವಿ ಇರುತ್ತದೆ. ನೆಲಮಾಳಿಗೆಯ ಗೋಡೆ 16 ಡಿಗ್ರಿಯಲ್ಲಿದೆ ಎನ್ನಿ. ಆ ತಾಪಮಾನದಲ್ಲಿ ಒಂದು ಘನಮೀಟರ್ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ಆವಿ 13.6 ಗ್ರಾಂ ಮಾತ್ರ. ಉಳಿದ ಐದು ಚಿಲ್ಲರೆ ಗ್ರಾಂ ಗೋಡೆಯ ಮೇಲೆ ನೀರಾಗಿ ಕೂರುತ್ತದೆ. ನೂರು ಚದರಮೀಟರಿನ ಕೋಣೆಯಲ್ಲಿ ಸುಮಾರು 220 ಘನಮೀಟರ್ ಗಾಳಿ ಇರುತ್ತದೆ. ಒಳಗಿನ ಗಾಳಿ ಒಮ್ಮೆ ಬದಲಾದರೆ ಒಂದು ಲೀಟರಿಗೂ ಹೆಚ್ಚು ನೀರು ಒಳಕ್ಕೆ ಬಂದು ಇಳಿಯಬಹುದು. ಕಿಟಕಿ ತೆರೆದಿಟ್ಟರೆ ಗಾಳಿ ದಿನಕ್ಕೆ ಎಷ್ಟೋ ಸಲ ಬದಲಾಗುತ್ತದೆ.

ನಮ್ಮ ಹಿರಿಯರು ತೇವದ ವಾಸನೆ ಬಂದರೆ ಕಿಟಕಿ ಬಾಗಿಲು ತೆಗೆದು ಗಾಳಿಯಾಡಲು ಬಿಡು ಎನ್ನುತ್ತಾರೆ. ಮೈಸೂರಿನ ಮನೆಗೆ ಆ ಮಾತು ಸರಿ. ಅಮೆರಿಕದ ನೆಲಮಾಳಿಗೆಗೆ, ಅದರಲ್ಲೂ ಬೇಸಿಗೆಯಲ್ಲಿ, ಅದು ತಪ್ಪು ಮದ್ದು: ತೆರೆದಷ್ಟೂ ಗೋಡೆ ಒದ್ದೆಯಾಗುತ್ತದೆ. ಆಗ ಕಿಟಕಿ ಮುಚ್ಚಿ, ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಯಂತ್ರವನ್ನು ನಡೆಸಬೇಕು. ಆರ್ದ್ರತೆ ಶೇ. 60 ದಾಟಬಾರದು, ಸಾಧ್ಯವಾದರೆ 30ರಿಂದ 50ರ ನಡುವೆ ಇರಲಿ ಎಂಬುದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ. ಅಳೆಯುವ ಉಪಕರಣ ಅಂಗೈ ಅಗಲದ್ದು, ಬೆಲೆಯೂ ಕಡಿಮೆ. ಸೋಫಾ ಕೊಳ್ಳುವುದಕ್ಕೆ ಮೊದಲು ಅದನ್ನು ಕೊಳ್ಳುವುದು ಒಳ್ಳೆಯದು.

ಇನ್ನು ಹೊರಗಿನಿಂದ ಬರುವ ನೀರು. ಕಾಂಕ್ರೀಟು ಕಲ್ಲಿನಂತೆ ಕಂಡರೂ ಅದರ ತುಂಬ ಕೂದಲಿಗಿಂತ ಸಣ್ಣ ರಂಧ್ರಗಳಿವೆ. ಹಣತೆಯ ಬತ್ತಿ ಎಣ್ಣೆಯನ್ನು ಮೇಲಕ್ಕೆ ಹೀರುವಂತೆ ಅದು ಮಣ್ಣಿನ ನೀರನ್ನು ಹೀರುತ್ತದೆ. ಇದು ನಿಧಾನದ ತೇವ. ಮಳೆ ಸುರಿದು ಗೋಡೆಯಾಚೆ ನೀರು ನಿಂತರೆ ಆಗುವುದು ಬೇರೆ, ಆಗ ಒತ್ತಡವೂ ಸೇರುತ್ತದೆ. ಎರಡು ಮೀಟರ್ ಎತ್ತರಕ್ಕೆ ನೀರು ನಿಂತರೆ ಗೋಡೆಯ ಬುಡದಲ್ಲಿ ಪ್ರತಿ ಚದರಮೀಟರಿಗೆ ಎರಡು ಟನ್ ಭಾರದಷ್ಟು ಒತ್ತಡ. ಒಳಗಿನಿಂದ ಎಷ್ಟೇ ಬಣ್ಣ ಬಳಿದರೂ ಅದರ ಮುಂದೆ ನಿಲ್ಲುವುದಿಲ್ಲ. ನೀರು ಗೋಡೆಯ ಬಳಿ ನಿಲ್ಲದಂತೆ ನೋಡಿಕೊಳ್ಳುವುದೊಂದೇ ದಾರಿ. ನೂರು ಚದರಮೀಟರಿನ ಮಾಡಿನ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 2,500 ಲೀಟರ್ ನೀರು. ಸೂರಿನ ದೋಣಿ ಒಡೆದಿದ್ದರೆ ಅಷ್ಟೂ ಪಾಯದ ಬುಡಕ್ಕೇ ಸುರಿಯುತ್ತದೆ. ಮನೆಯ ಸುತ್ತಲಿನ ನೆಲ ಮೊದಲ ಹತ್ತು ಅಡಿಯಲ್ಲಿ ಆರು ಅಂಗುಲವಾದರೂ ಹೊರಕ್ಕೆ ಇಳಿಜಾರಾಗಿರಬೇಕು. ಪಾಯದ ಪಕ್ಕದಲ್ಲಿ ಜಲ್ಲಿ ಹಾಸಿ ತೂತಿನ ಪೈಪು ಹೂಳಿರಬೇಕು, ಅದು ಸಂಪಿಗೆ ಬಂದು ಸೇರಬೇಕು, ಸಂಪಿನಿಂದ ಪಂಪು ನೀರನ್ನು ದೂರಕ್ಕೆ ಎಸೆಯಬೇಕು. ಆ ಪಂಪಿಗೆ ಬ್ಯಾಟರಿ ಬೇಕೇಬೇಕು. ಬಿರುಗಾಳಿ ಮಳೆ ಬಂದಾಗಲೇ ಕರೆಂಟು ಹೋಗುವುದು ಅಲ್ಲೂ ಇದ್ದದ್ದೇ. ಒಳಚರಂಡಿಯ ನೀರು ಹಿಮ್ಮುಖವಾಗಿ ನುಗ್ಗದಂತೆ ಒಂದು ಕವಾಟವೂ ಇರಲಿ.

ಗೋಡೆಯ ತೇವ ಒಳಗಿನ ಗಾಳಿಯದೋ ಹೊರಗಿನ ಮಣ್ಣಿನದೋ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಎರಡಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚನ್ನು ಟೇಪಿನಿಂದ ಮುಚ್ಚಿ ಒಂದೆರಡು ದಿನ ಬಿಡಿ. ಹಾಳೆಯ ಹಿಂಬದಿ ಬೆವರಿದ್ದರೆ ನೀರು ಮಣ್ಣಿನದು. ಮುಂಬದಿ ಬೆವರಿದ್ದರೆ ಗಾಳಿಯದು. ಎರಡಕ್ಕೂ ಮದ್ದು ಬೇರೆ ಬೇರೆ, ಹಾಗಾಗಿ ಗುತ್ತಿಗೆದಾರನನ್ನು ಕರೆಯುವ ಮೊದಲೇ ಈ ಪರೀಕ್ಷೆ ಮಾಡಿಕೊಳ್ಳುವುದು ಲಾಭ.

ನೆಲಮಾಳಿಗೆ ಕೆಲಸದಲ್ಲಿ ದಶಕಗಳ ಕಾಲ ನಡೆದುಬಂದ ದೊಡ್ಡ ತಪ್ಪು ಗೋಡೆಯ ಹೊದಿಕೆಯದು. ಕಾಂಕ್ರೀಟು ಗೋಡೆಯ ಮುಂದೆ ಮರದ ಚೌಕಟ್ಟು ನಿಲ್ಲಿಸಿ, ನಡುವೆ ಗಾಜಿನ ಉಣ್ಣೆ ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಕಾಗದ ಅಂಟಿಸಿದ ಜಿಪ್ಸಮ್ ಹಲಗೆ ಬಡಿಯುತ್ತಿದ್ದರು. ಮೇಲಿನ ಅಂತಸ್ತಿನಲ್ಲಿ ಚೆನ್ನಾಗಿ ನಡೆಯುವ ವಿಧಾನ ಇದು. ಕೆಳಗೆ ಏನಾಗುತ್ತದೆ? ಗಾಜಿನ ಉಣ್ಣೆ ಶಾಖವನ್ನು ತಡೆಯುತ್ತದೆ, ಗಾಳಿಯನ್ನು ತಡೆಯುವುದಿಲ್ಲ. ಕೋಣೆಯ ಬೆಚ್ಚನೆ ಗಾಳಿ ಸಂದಿಗಳಿಂದ ನುಸುಳಿ ಹಿಂದಿನ ತಣ್ಣನೆ ಕಾಂಕ್ರೀಟನ್ನು ಮುಟ್ಟಿ ನೀರಾಗುತ್ತದೆ. ಕಾಂಕ್ರೀಟಿನ ತೇವವೂ ಅತ್ತಲಿಂದ ಬರುತ್ತದೆ. ಎರಡಕ್ಕೂ ಒಣಗಿ ಹೊರಹೋಗಲು ಪ್ಲಾಸ್ಟಿಕ್ ಹಾಳೆ ಬಿಡುವುದಿಲ್ಲ. ಬೂಷ್ಟಿನ ಬೀಜಾಣುಗಳು ಎಲ್ಲ ಗಾಳಿಯಲ್ಲೂ ಇರುತ್ತವೆ, ಅವಕ್ಕೆ ಬೇಕಾದ ಆಹಾರ ಮರ ಮತ್ತು ಕಾಗದ, ಇಲ್ಲದಿದ್ದುದು ನೀರೊಂದೇ. ಅದನ್ನೂ ನಾವೇ ಒದಗಿಸಿದಂತಾಯಿತು. ನೆನೆದ ವಸ್ತುವನ್ನು 24ರಿಂದ 48 ಗಂಟೆಯೊಳಗೆ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಇಲ್ಲಿ ತಿಂಗಳುಗಟ್ಟಲೆ ಒದ್ದೆ, ಅದೂ ಕಣ್ಣಿಗೆ ಕಾಣದ ಜಾಗದಲ್ಲಿ. ಕೆನಡಾ ಮೂಲದ ಎಂಜಿನಿಯರ್ ಜೋಸೆಫ್ ಲ್ಸ್ಟಿಬುರೆಕ್ ಅವರಂಥ ಕಟ್ಟಡ ವಿಜ್ಞಾನಿಗಳು ಈ ವಿಧಾನದ ವಿರುದ್ಧ ಬರೆದು, ಮಾತಾಡಿ, ನಿಧಾನವಾಗಿ ರೂಢಿಯನ್ನೇ ಬದಲಿಸಿದರು.

ಅವರು ಹೇಳುವ ದಾರಿ ಸರಳ. ಗಾಳಿ ನುಸುಳಲಾಗದ ಗಟ್ಟಿ ಫೋಮ್ ಹಲಗೆಯನ್ನು ನೇರವಾಗಿ ಕಾಂಕ್ರೀಟಿಗೇ ಅಂಟಿಸಿ, ಸಂದಿಗಳನ್ನು ಮುಚ್ಚಬೇಕು. ನಾವು ಥರ್ಮೋಕೋಲ್ ಎನ್ನುವುದು ಇದೇ ಜಾತಿಯದು. ಶಾಖ ತಡೆಯುವುದರಲ್ಲಿ ಒಂದು ಅಂಗುಲ ಥರ್ಮೋಕೋಲು ಸರಿಸುಮಾರು ಒಂದು ಮೀಟರ್ ದಪ್ಪದ ಕಾಂಕ್ರೀಟಿಗೆ ಸಮ. ಕೋಣೆಯ ಗಾಳಿಗೆ ಈಗ ತಣ್ಣನೆ ಗೋಡೆ ಸಿಗುವುದೇ ಇಲ್ಲ, ಹಾಗಾಗಿ ನೀರೂ ಆಗುವುದಿಲ್ಲ. ಅಲ್ಪಸ್ವಲ್ಪ ತೇವ ಒಳಮುಖವಾಗಿ ಒಣಗಲು ಪ್ಲಾಸ್ಟಿಕ್ ಹಾಳೆಯನ್ನು ಕೈಬಿಡಬೇಕು. ಫೋಮ್ ಬೇಗ ಹೊತ್ತಿಕೊಳ್ಳುತ್ತದೆ, ಹೊಗೆಯೂ ವಿಷ. ಅದನ್ನು ಬರಿದೇ ಬಿಡದೆ ಜಿಪ್ಸಮ್ ಹಲಗೆಯಿಂದ ಮುಚ್ಚಲೇಬೇಕು. ಹಲಗೆಯ ಕೆಳ ಅಂಚು ನೆಲ ಮುಟ್ಟದೆ ಅರ್ಧ ಅಂಗುಲ ಮೇಲಿರಲಿ. ನೆಲಕ್ಕೂ ಫೋಮ್ ಹಾಸಿ ಮೇಲೆ ಹಲಗೆ ಹಾಕಿದರೆ ಕಾಲು ಬೆಚ್ಚಗಿರುತ್ತದೆ. ಕಾಂಕ್ರೀಟಿನ ಮೇಲೆ ನೇರವಾಗಿ ಕಾರ್ಪೆಟ್ ಹಾಸುವುದು ಬೇಡ. ಬಣ್ಣ, ದೀಪ, ಪೀಠೋಪಕರಣಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅದು ಅವರವರ ಅಭಿರುಚಿ.

ನೀರಿಗಿಂತ ಗಾಳಿ ದೊಡ್ಡ ವಿಷಯ. 1984ರ ಡಿಸೆಂಬರಿನಲ್ಲಿ ಪೆನ್ಸಿಲ್ವೇನಿಯಾದ ಲಿಮರಿಕ್ ಪರಮಾಣು ಸ್ಥಾವರದಲ್ಲಿ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಸ್ಟ್ಯಾನ್ಲಿ ವಾಟ್ರಸ್ ವಿಕಿರಣ ಪತ್ತೆಯ ಯಂತ್ರದ ಬಳಿ ಹಾದಾಗಲೆಲ್ಲ ಅದು ಕೂಗಿಕೊಳ್ಳುತ್ತಿತ್ತು. ಸ್ಥಾವರ ಇನ್ನೂ ವಿದ್ಯುತ್ ಉತ್ಪಾದನೆಯನ್ನೇ ಆರಂಭಿಸಿರಲಿಲ್ಲ. ಹಾಗಾದರೆ ವಿಕಿರಣ ಎಲ್ಲಿಂದ? ಹುಡುಕುತ್ತಾ ಹೋದಾಗ ಅದು ಅವರ ಮನೆಯಿಂದಲೇ ಬರುತ್ತಿತ್ತು! ಮನೆಯ ಗಾಳಿಯಲ್ಲಿ ರೇಡಾನ್ ಅನಿಲ ಲೀಟರಿಗೆ ಸುಮಾರು 2,700 ಪಿಕೊಕ್ಯೂರಿಯಷ್ಟಿತ್ತು. 4 ಇದ್ದರೇ ಸರಿಪಡಿಸಿಕೊಳ್ಳಿ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂದು ಹೇಳುತ್ತದೆ. ಆ ಕುಟುಂಬ ಮನೆ ಬಿಟ್ಟು ಹೋಗಬೇಕಾಯಿತು. ರೀಡಿಂಗ್ ಪ್ರಾಂಗ್ ಎಂಬ, ಯುರೇನಿಯಂ ಹೆಚ್ಚಿರುವ ಶಿಲಾಪಟ್ಟಿಯ ಮೇಲೆ ಆ ಮನೆ ನಿಂತಿತ್ತು.

ಯುರೇನಿಯಂ ಕೋಟ್ಯಂತರ ವರ್ಷಗಳಲ್ಲಿ ಹಂತ ಹಂತವಾಗಿ ಕ್ಷಯಿಸುತ್ತಾ ರೇಡಿಯಂ ಆಗುತ್ತದೆ, ರೇಡಿಯಂನಿಂದ ರೇಡಾನ್ ಹುಟ್ಟುತ್ತದೆ. ಈ ಸರಣಿಯಲ್ಲಿ ಅನಿಲವಾಗಿರುವುದು ಅದೊಂದೇ, ಹಾಗಾಗಿ ಕಲ್ಲಿನಿಂದ ಬಿಡಿಸಿಕೊಂಡು ಮಣ್ಣಿನ ಸಂದಿಗಳಲ್ಲಿ ಅಲೆಯಬಲ್ಲದು. ಬಣ್ಣವಿಲ್ಲ, ವಾಸನೆಯಿಲ್ಲ. ಅರ್ಧಾಯುಷ್ಯ 3.8 ದಿನ, ಅಷ್ಟರೊಳಗೆ ಮನೆ ಸೇರಿದರೆ ಅಲ್ಲೇ ಕ್ಷಯಿಸಿ ಪೊಲೋನಿಯಂ ಮೊದಲಾದ ಘನಕಣಗಳಾಗುತ್ತದೆ. ಅವು ಶ್ವಾಸಕೋಶದ ಒಳಪದರಕ್ಕೆ ಅಂಟಿ ಅಲ್ಲೇ ಆಲ್ಫಾ ಕಣಗಳನ್ನು ಸಿಡಿಸುತ್ತವೆ. ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ನಂತರದ ಕಾರಣ ರೇಡಾನ್. ವರ್ಷಕ್ಕೆ ಸುಮಾರು 21,000 ಸಾವು ಎಂದು ಅದೇ ಸಂಸ್ಥೆ ಅಂದಾಜಿಸಿದೆ. ಧೂಮಪಾನಿಗಳಿಗೆ ಅಪಾಯ ಇನ್ನೂ ಹೆಚ್ಚು.

ರೇಡಾನ್ ಗಾಳಿಗಿಂತ ಭಾರ, ಆದ್ದರಿಂದ ಕೆಳಗೆ ನಿಲ್ಲುತ್ತದೆ ಎಂಬ ಮಾತು ಪೂರ್ತಿ ಸರಿಯಲ್ಲ. ಮನೆಯೇ ಅದನ್ನು ಹೀರುತ್ತದೆ. ಚಳಿಗಾಲದಲ್ಲಿ ಬಿಸಿಗಾಳಿ ಮೇಲೇರಿ ಮಹಡಿಯ ಸಂದಿಗಳಿಂದ ಹೊರಹೋಗುತ್ತದೆ, ಕೆಳಗೆ ಒತ್ತಡ ಕೆಲವೇ ಪ್ಯಾಸ್ಕಲ್‌ಗಳಷ್ಟು ತಗ್ಗುತ್ತದೆ, ಅಷ್ಟು ಸಾಕು: ನೆಲದ ಬಿರುಕುಗಳಿಂದ ಮಣ್ಣಿನ ಗಾಳಿ ಒಳಕ್ಕೆ ಬರುತ್ತದೆ. ಪರಿಹಾರವೂ ಇದೇ ಭೌತವಿಜ್ಞಾನದಲ್ಲಿದೆ. ನೆಲಕ್ಕೆ ತೂತು ಕೊರೆದು ಪೈಪು ಇಳಿಸಿ, ಅದನ್ನು ಮಾಡಿನ ಮೇಲಕ್ಕೆ ಒಯ್ದು, ಸದಾ ತಿರುಗುವ ಸಣ್ಣ ಫ್ಯಾನು ಜೋಡಿಸಿದರೆ ನೆಲದ ಅಡಿಯಲ್ಲಿ ಕೋಣೆಗಿಂತ ಕಡಿಮೆ ಒತ್ತಡ ಉಂಟಾಗುತ್ತದೆ. ರೇಡಾನ್ ಒಳಕ್ಕೆ ಬರುವ ಬದಲು ಪೈಪಿನಲ್ಲಿ ಹೊರಟುಹೋಗುತ್ತದೆ. ನಮ್ಮ ಗ್ರಾನೈಟಿನಿಂದಲೂ ರೇಡಾನ್ ಹೊಮ್ಮುತ್ತದೆ; ಕಿಟಕಿ ತೆರೆದು ಬದುಕುವ ಮನೆಗಳಲ್ಲಿ ಅದು ಸಾಮಾನ್ಯವಾಗಿ ಗಾಳಿಗೆ ಬೆರೆತು ಹೋಗುತ್ತದೆ. ನೆಲದಡಿಯ ಗಾಳಿಯ ಅಪಾಯ ಉತ್ತರ ಕರ್ನಾಟಕದ ರೈತರಿಗೆ ಹೊಸದೇನಲ್ಲ. ಜೋಳ ತುಂಬಿದ ಹಗೇವು, ಅಂದರೆ ನೆಲದಡಿಯ ಕಣಜ, ತೆರೆದ ಕೂಡಲೇ ತಿಳಿದವರು ಒಳಗಿಳಿಯುವುದಿಲ್ಲ. ಕಾಳು ಉಸಿರಾಡಿ ಬಿಟ್ಟ ಇಂಗಾಲದ ಡೈ ಆಕ್ಸೈಡ್ ಅಲ್ಲಿ ತುಂಬಿರುತ್ತದೆ, ಅವಸರಪಟ್ಟವರು ಸತ್ತಿದ್ದಾರೆ. ರೇಡಾನ್ ಅಷ್ಟು ಬೇಗ ಕೊಲ್ಲುವುದಿಲ್ಲ. ಜನ ಅದನ್ನು ನಿರ್ಲಕ್ಷಿಸುವುದು ಅದಕ್ಕೇ.

ಫರ್ನೇಸು, ನೀರು ಕಾಯಿಸುವ ಬಾಯ್ಲರು ಇನ್ನೂ ಕೆಳಗೇ ಇದ್ದರೆ ಅವುಗಳ ಹೊಗೆ ಹಿಂತಿರುಗಿ ಕೋಣೆಗೆ ಬರುವ ಸಂಭವ ಇದೆ. ಕಾರ್ಬನ್ ಮೊನಾಕ್ಸೈಡ್ ಸೂಚಕವಿಲ್ಲದೆ ಅಲ್ಲಿ ಯಾರನ್ನೂ ಮಲಗಿಸಬಾರದು.

ಕೊನೆಯದಾಗಿ ಹೊರಬರುವ ದಾರಿ. ಮೆಟ್ಟಿಲ ಬಳಿ ಬೆಂಕಿ ಹೊತ್ತಿಕೊಂಡರೆ ಕೆಳಗಿರುವವರು ಎಲ್ಲಿಂದ ಬರಬೇಕು? ಅಮೆರಿಕದ ಮಾದರಿ ಮನೆ ಸಂಹಿತೆಯ ಪ್ರಕಾರ ನೆಲಮಾಳಿಗೆಯ ಪ್ರತಿ ಮಲಗುವ ಕೋಣೆಗೂ ಮನುಷ್ಯ ತೂರಿ ಬರಬಲ್ಲ ಕಿಟಕಿ ಬೇಕು. ಅಗಲ ಕನಿಷ್ಠ 20 ಅಂಗುಲ, ಎತ್ತರ 24 ಅಂಗುಲ, ತೆರೆದಾಗ ಸಿಗುವ ಜಾಗ 5 ಚದರ ಅಡಿ. 20ನ್ನು 24ರಿಂದ ಗುಣಿಸಿದರೆ ಮೂರು ಚಿಲ್ಲರೆ ಚದರ ಅಡಿಯಷ್ಟೇ ಆಗುತ್ತದೆ. ಎರಡೂ ಕನಿಷ್ಠ ಅಳತೆ ಹಿಡಿದರೆ ಸಾಲದು ಎಂಬುದನ್ನು ಹಲವರು ಗಮನಿಸುವುದಿಲ್ಲ. ಕಿಟಕಿಯ ಕೆಳ ಅಂಚು ನೆಲದಿಂದ 44 ಅಂಗುಲಕ್ಕಿಂತ ಮೇಲಿರಬಾರದು. ಕಿಟಕಿ ತೆರೆಯಲೆಂದು ಹೊರಗೆ ತೋಡಿದ ಗುಂಡಿ ಅದಕ್ಕಿಂತ ಆಳವಾಗಿದ್ದರೆ ಏಣಿ ಇರಬೇಕು.

ದಾರಿ ಮುಚ್ಚುವುದು ಬೆಂಕಿಯೊಂದೇ ಅಲ್ಲ, ನೀರು ಕೂಡ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಉಳಿಕೆ ನ್ಯೂಯಾರ್ಕಿನ ಮೇಲೆ ಹಾದಾಗ ಸೆಂಟ್ರಲ್ ಪಾರ್ಕಿನಲ್ಲಿ ಒಂದೇ ಗಂಟೆಯಲ್ಲಿ 3.15 ಅಂಗುಲ ಮಳೆ ಸುರಿಯಿತು. ಆ ನಗರದಲ್ಲಿ ಸತ್ತ 13 ಮಂದಿಯಲ್ಲಿ 11 ಮಂದಿ ನೆಲಮಾಳಿಗೆಯ ಬಾಡಿಗೆ ಮನೆಗಳಲ್ಲಿದ್ದವರು. ಅವರಲ್ಲಿ ಹೆಚ್ಚಿನವರು ದೂರದೇಶಗಳಿಂದ ದುಡಿಯಲು ಬಂದವರು. ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ 2024ರ ಜುಲೈ 27ರಂದು ನೆಲಮಾಳಿಗೆಯ ಗ್ರಂಥಾಲಯಕ್ಕೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. ಈಜು ಬಂದರೆ ಸಾಕು ಎಂದುಕೊಳ್ಳುವವರು ಈ ಲೆಕ್ಕ ನೋಡಬೇಕು: ಮೂರಡಿ ಅಗಲದ ಬಾಗಿಲಿನ ಆಚೆ ನೀರು ಅರ್ಧ ಮೀಟರ್ ನಿಂತರೆ ಅದರ ಮೇಲೆ ನೂರು ಕಿಲೋಗಿಂತ ಹೆಚ್ಚು ಭಾರದ ಬಲ ಬೀಳುತ್ತದೆ. ನೀರು ಒಂದು ಮೀಟರಾದರೆ ಅದು ಎರಡರಷ್ಟಲ್ಲ, ನಾಲ್ಕರಷ್ಟು, ಸುಮಾರು 450 ಕಿಲೋ. ಯಾವ ಮನುಷ್ಯನೂ ಆ ಬಾಗಿಲು ತೆರೆಯಲಾರ. ಆಗ ಉಳಿಯುವುದು ಕಿಟಕಿ ಮಾತ್ರ. ಅದಕ್ಕೆ ಸರಳು ಹಾಕಿದ್ದರೆ ಅದೂ ಇಲ್ಲ. ತಗ್ಗಿನ ಬಡಾವಣೆಯಲ್ಲಿ, ಹಿಂದೆ ನೀರು ನುಗ್ಗಿದ ಬೀದಿಯಲ್ಲಿ ನೆಲಮಾಳಿಗೆಯನ್ನು ಮಲಗುವ ಕೋಣೆ ಮಾಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ, ಖರ್ಚು ಎಷ್ಟೇ ಉಳಿಯಲಿ.

ನಿಮ್ಮ ಮಗ, ಮಗಳು ಅಥವಾ ತಮ್ಮ ಹೊರದೇಶದಲ್ಲಿ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದರೆ, ಅಥವಾ ನೀವೇ ಅವರ ಮನೆಗೆ ಹೋಗಿ ಆರು ತಿಂಗಳು ಅಲ್ಲಿ ಮಲಗುವವರಿದ್ದರೆ, ಮುಂದಿನ ಸಲ ಫೋನಿನಲ್ಲಿ ಎರಡು ಪ್ರಶ್ನೆ ಕೇಳಿ: ರೇಡಾನ್ ಪರೀಕ್ಷೆ ಮಾಡಿಸಿದ್ದೀರಾ, ಕೋಣೆಯ ಕಿಟಕಿಯಿಂದ ಒಬ್ಬ ಮನುಷ್ಯ ಹೊರಬರಬಹುದೇ? ರೇಡಾನ್ ಪರೀಕ್ಷೆಯ ಪುಟ್ಟ ಡಬ್ಬಿ ಅಲ್ಲಿನ ಹಾರ್ಡ್‌ವೇರ್ ಅಂಗಡಿಗಳಲ್ಲೇ ಸಿಗುತ್ತದೆ. ಕಿಟಕಿ ಬಾಗಿಲು ಮುಚ್ಚಿ ಎರಡು ದಿನ ಇಟ್ಟು ಪ್ರಯೋಗಾಲಯಕ್ಕೆ ಕಳಿಸಿದರೆ ಉತ್ತರ ಬರುತ್ತದೆ. ಚಳಿಗಾಲದಲ್ಲೇ ಮಾಡಿಸಲು ಹೇಳಿ, ರೇಡಾನ್ ಹೆಚ್ಚಾಗಿ ಒಳಸೇರುವುದು ಆಗಲೇ.